ಮರದ ರಸದ ಬಾಟಲಿ, ಟೊಮೆಟೊ ಡಬ್ಬಿ: ಅತ್ತೆಯ ತಟ್ಟೆಗೆ ಯಾವುದು, ಎಷ್ಟು

ಮೇಪಲ್ ಎಂಬ ಮರದ ರಸ ಕಾಯಿಸಿ ಮಾಡುವ ಸಿಹಿ ಪಾಕವಾದ ಮೇಪಲ್ ಸಿರಪ್ಪನ್ನೂ ಡಬ್ಬಿಯ ಟೊಮೆಟೊವನ್ನೂ ಎದುರುಬದುರು ಇಟ್ಟು ಹೋಲಿಸುವ ಪ್ರಸಂಗ ಮಹಾಲಿಂಗಪುರದ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮಲ್ಲಿ ಬಂತು. ಕೆನಡಾದಲ್ಲಿ ಕೆಲಸಕ್ಕಿರುವ ಮೈದುನ ದೀಪಾವಳಿಗೆ ಊರಿಗೆ ಬರುವಾಗ ಸಿರಪ್ಪಿನ ಬಾಟಲಿ ತಂದಿದ್ದ. ನೆಗೆಣ್ಣಿ ಮಗಳಿಗೆ ಪಾಸ್ತಾ ಮಾಡಿಕೊಡಬೇಕೆಂದು ಬೆಳಗಾವಿಯಲ್ಲಿ ಇಳಿದಾಗಲೇ ಟೊಮೆಟೊ ಡಬ್ಬಿಗಳನ್ನು ಕೊಂಡಿದ್ದಳು. ಅವರು ಹೊರಟ ಮೇಲೆ ಎರಡೂ ನಮ್ಮ ಒಲೆಕಟ್ಟೆಯ ಮೇಲೆ ಉಳಿದವು.

ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ರಕ್ತದೊತ್ತಡದ ಗುಳಿಗೆಯೂ ನಡೆದಿದೆ. ಅವರ ತೀರ್ಮಾನ ಮೊದಲ ದಿನವೇ ಆಗಿಹೋಗಿತ್ತು. "ಇದು ಮರದಿಂದ ಬಂದದ್ದು, ನನಗೆ ಇದರಿಂದ ಏನೂ ಆಗುವುದಿಲ್ಲ. ಆ ತಗಡಿನ ಡಬ್ಬಿಯದನ್ನು ಮಾತ್ರ ನನ್ನ ಸಾರಿಗೆ ಹಾಕಬೇಡ ನೋಡವ್ವ" ಎಂದರು.

ನಾನು ಧಾರವಾಡದಲ್ಲಿ ಗೃಹವಿಜ್ಞಾನ ಓದಿ, ಈಗ ಪಿಯುಸಿ ಹುಡುಗಿಯರಿಗೆ ಅದನ್ನೇ ಕಲಿಸುತ್ತೇನೆ. ಮರದ್ದು, ಬೇರಿನದು, ಹೊಲದ್ದು ಎಂದ ಕೂಡಲೇ ಅದು ಮೈಗೆ ಹಿತ, ಡಬ್ಬಿ, ಪೊಟ್ಟಣ ಎಂದ ಕೂಡಲೇ ಅದು ವಿಷ ಎನ್ನುವ ಮಾತನ್ನು ಹುಡುಗಿಯರ ತಾಯಂದಿರಿಂದಲೂ ಕೇಳಿದ್ದೇನೆ. ಈ ಎರಡು ಪದಾರ್ಥಗಳ ಮಟ್ಟಿಗೆ ಆ ಮಾತು ಪೂರ್ತಿ ತಲೆಕೆಳಗು. ಅತ್ತೆಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ವಿದೇಶದಲ್ಲಿ ಮಕ್ಕಳಿರುವ ಮನೆಗಳು ನಮ್ಮ ಕಡೆ ಈಗ ಬಹಳ ಇವೆ. ಈ ಬಾಟಲಿ ಅಲ್ಲಿಗೂ ಬಂದೇ ಬರುತ್ತದೆ.

ಮೊದಲು ಅಂಕಿಗಳು. ಅಮೆರಿಕದ ಕೃಷಿ ಇಲಾಖೆಯ ಆಹಾರ ಸಂಯೋಜನೆಯ ಪಟ್ಟಿಯಲ್ಲಿ ಎರಡೂ ಇವೆ. 100 ಗ್ರಾಂ ಮೇಪಲ್ ಸಿರಪ್ಪಿನಲ್ಲಿ ಸುಮಾರು 260 ಕಿಲೊಕ್ಯಾಲೊರಿ. ಅದರಲ್ಲಿ 60 ಗ್ರಾಂಗಿಂತ ಹೆಚ್ಚು ಸಕ್ಕರೆ, ಸುಮಾರು 32 ಗ್ರಾಂ ನೀರು. ನಾರು ಇಲ್ಲ, ಪ್ರೋಟೀನು ಲೆಕ್ಕಕ್ಕೆ ಸಿಗುವಷ್ಟಿಲ್ಲ, ಸಿ ವಿಟಮಿನ್ ಇಲ್ಲ. ತನ್ನದೇ ರಸದಲ್ಲಿ ತುಂಬಿದ 100 ಗ್ರಾಂ ಡಬ್ಬಿ ಟೊಮೆಟೊದಲ್ಲಿ 17 ಕಿಲೊಕ್ಯಾಲೊರಿ ಆಸುಪಾಸು, ಸಕ್ಕರೆ ಎರಡೂವರೆ ಗ್ರಾಂ, ನೀರು 94 ಗ್ರಾಂ. ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ನಾರು, ಸುಮಾರು 10 ಮಿಲಿಗ್ರಾಂ ಸಿ ವಿಟಮಿನ್, ಎರಡೂವರೆ ಮಿಲಿಗ್ರಾಮಿಗೂ ಮೀರಿದ ಲೈಕೊಪೀನ್ ಇವೆ. ಟೊಮೆಟೊಗೆ ಕೆಂಪು ಕೊಡುವುದು ಈ ಲೈಕೊಪೀನೇ.

ಇಷ್ಟು ನೋಡಿದವರು "ಹಾಗಾದರೆ ಟೊಮೆಟೊವೇ ಮೇಲು, ಮುಗಿಯಿತು" ಎಂದುಕೊಳ್ಳಬಹುದು. ಆದರೆ ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಇಳಿದರೆ ಪೊಟ್ಯಾಸಿಯಂ ಸಿಗುತ್ತದೆ: ಸಿರಪ್ಪಿನಲ್ಲಿ 212 ಮಿಲಿಗ್ರಾಂ, ಡಬ್ಬಿ ಟೊಮೆಟೊದಲ್ಲಿ ಸುಮಾರು 190. ಕ್ಯಾಲ್ಸಿಯಂ ಸಿರಪ್ಪಿನಲ್ಲಿ 102, ಟೊಮೆಟೊದಲ್ಲಿ 30ರ ಆಸುಪಾಸು. ಮ್ಯಾಂಗನೀಸ್ ಸಿರಪ್ಪಿನಲ್ಲಿ ಸುಮಾರು 2.9 ಮಿಲಿಗ್ರಾಂ, ಬಿ2 ವಿಟಮಿನ್ ಆದ ರೈಬೊಫ್ಲೇವಿನ್ 1.27 ಮಿಲಿಗ್ರಾಂ, ಸತು ಒಂದೂವರೆ ಮಿಲಿಗ್ರಾಮಿನ ಹತ್ತಿರ. ಈ ಮೂರರಲ್ಲೂ ಟೊಮೆಟೊ ಸಿರಪ್ಪಿನ ಹತ್ತಿರಕ್ಕೂ ಬರುವುದಿಲ್ಲ. ಸಿರಪ್ ಮಾರುವವರು ಹೇಳುವುದು ಈ ಸಾಲುಗಳನ್ನೇ, ಮತ್ತು ಹೇಳುವುದು ಸುಳ್ಳಲ್ಲ.

ತೊಂದರೆ ಇರುವುದು ಆ 100 ಗ್ರಾಮಿನಲ್ಲಿ. ಯಾರೂ 100 ಗ್ರಾಂ ಸಿರಪ್ ತಿನ್ನುವುದಿಲ್ಲ. ದೋಸೆಯ ಮೇಲೆ ಹಾಕಿಕೊಳ್ಳುವ ಒಂದು ದೊಡ್ಡ ಚಮಚ ಎಂದರೆ 20 ಗ್ರಾಂ. ಅದರಲ್ಲಿ 12 ಗ್ರಾಂ ಸಕ್ಕರೆ, 52 ಕಿಲೊಕ್ಯಾಲೊರಿ, ಪೊಟ್ಯಾಸಿಯಂ 42 ಮಿಲಿಗ್ರಾಂ, ಕ್ಯಾಲ್ಸಿಯಂ 20. ಟೊಮೆಟೊವನ್ನಾದರೆ ಸಾರಿನಲ್ಲೋ ಗೊಜ್ಜಿನಲ್ಲೋ ಒಬ್ಬರು 100 ಗ್ರಾಂ ತಿನ್ನುವುದು ಮಾಮೂಲಿ, ಕೆಲವೊಮ್ಮೆ ಇನ್ನೂ ಹೆಚ್ಚು. ಆಗ ಪೊಟ್ಯಾಸಿಯಂ ಒಂದೇ ಏಟಿಗೆ 190 ಆಗುತ್ತದೆ. ಪಟ್ಟಿಯಲ್ಲಿ ಹಿಂದೆ ಇದ್ದದ್ದು ತಟ್ಟೆಯಲ್ಲಿ ಮುಂದೆ ಬರುತ್ತದೆ.

ನನ್ನ ವಿದ್ಯಾರ್ಥಿನಿಯರಿಗೆ ಇನ್ನೊಂದು ಲೆಕ್ಕವನ್ನೂ ಹಾಕಿಸುತ್ತೇನೆ. ನೀರನ್ನು ಕಳೆದು ಉಳಿದದ್ದನ್ನು ಮಾತ್ರ ನೋಡಿ. 100 ಗ್ರಾಂ ಟೊಮೆಟೊದಲ್ಲಿ ನೀರು ಹೋದರೆ ಉಳಿಯುವುದು ಆರು ಗ್ರಾಂ. ಆ ಆರು ಗ್ರಾಂ 190 ಮಿಲಿಗ್ರಾಂ ಪೊಟ್ಯಾಸಿಯಂ ಹೊತ್ತಿದೆ. ಸಿರಪ್ಪಿನಲ್ಲಿ ನೀರು ಹೋದರೆ ಉಳಿಯುವುದು 68 ಗ್ರಾಂ. ಅಷ್ಟೂ ಸೇರಿ 212. ಅಂದರೆ ಗ್ರಾಮಿಗೆ ಗ್ರಾಂ ಹಿಡಿದರೆ ಟೊಮೆಟೊದ ಒಣ ಅಂಶ ಹತ್ತು ಪಟ್ಟು ಸಮೃದ್ಧ. ಸಿರಪ್ಪಿನ ಒಣ ಅಂಶ ಬಹುಪಾಲು ಬರೀ ಸಕ್ಕರೆ, ಅದರಲ್ಲೂ ಸುಕ್ರೋಸ್. ನಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಚೀಲಕ್ಕೆ ಬೀಳುವ ಸಕ್ಕರೆಯೂ ಅದೇ. ಮರದಿಂದ ಬಂದರೂ ಕಬ್ಬಿನಿಂದ ಬಂದರೂ ರಕ್ತಕ್ಕೆ ಇಳಿದ ಮೇಲೆ ಅದಕ್ಕೆ ಊರು ಕೇರಿ ಇರುವುದಿಲ್ಲ. ಸಿರಪ್ಪಿನ ಗ್ಲೈಸೆಮಿಕ್ ಸೂಚ್ಯಂಕ, ಅಂದರೆ ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬ ಅಳತೆ, ಬಿಳಿ ಸಕ್ಕರೆಗಿಂತ ಸ್ವಲ್ಪ ಕೆಳಗಿದೆ ಎಂಬುದು ನಿಜ. ಆದರೆ ಅಷ್ಟರಿಂದಲೇ ಅದು ಸಕ್ಕರೆ ಕಾಯಿಲೆಯವರ ಪಥ್ಯಕ್ಕೆ ಸೇರುವುದಿಲ್ಲ.

ಬೆಲ್ಲದ ಊರಿನಲ್ಲಿ ಕುಳಿತು ಸಿರಪ್ಪಿನ ಬಗ್ಗೆ ಬರೆಯುವಾಗ ಬೆಲ್ಲವನ್ನು ಬಿಟ್ಟು ಬರೆಯಲು ನನ್ನಿಂದ ಆಗುವುದಿಲ್ಲ. ನನ್ನ ತವರು ಮುಧೋಳ ತಾಲ್ಲೂಕಿನ ರನ್ನ ಬೆಳಗಲಿ. ಚಿಕ್ಕಂದಿನಲ್ಲಿ ಚಳಿ ಬಿದ್ದ ಕೂಡಲೇ ಗಾಣ ಶುರುವಾಗುತ್ತಿತ್ತು. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು ಕಾಯತೊಡಗಿದಂತೆ ಮೇಲೆ ಕಪ್ಪು ನೊರೆ ಕಟ್ಟುತ್ತಿತ್ತು. ಜಜ್ಜಿದ ಬೆಂಡೆ ಗಿಡದ ಲೋಳೆಯನ್ನು ಹಾಕಿ, ಆ ಕೊಳೆಯನ್ನು ಜಾಲರಿಯಿಂದ ತೆಗೆದು ಬದಿಗೆ ಚೆಲ್ಲುತ್ತಿದ್ದರು. ಪಾಕ ಬಂತೋ ಇಲ್ಲವೋ ನೋಡಲು ಕಾಕಾ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳ ತುದಿಯಲ್ಲಿ ಉಂಡೆ ಕಟ್ಟುತ್ತಿದ್ದರು. ಉಂಡೆ ಗಟ್ಟಿಯಾಗಿ ಕೂತರೆ ಕೊಪ್ಪರಿಗೆ ಇಳಿಸಿದಂತೆ. ಅದಕ್ಕೆ ಮೊದಲೇ ಇಳಿಸಿದರೆ ಅದು ಕಾಕಂಬಿ. ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಆ ಕಾಕಂಬಿಗೂ ಮೇಪಲ್ ಸಿರಪ್ಪಿಗೂ ತಯಾರಿಯ ದಾರಿ ಒಂದೇ. ರಸ ತೆಗೆ, ಕಾಯಿಸು, ನೀರು ಆರಿಸು.

ಮೇಪಲ್ಲಿನ ಕಥೆಯಲ್ಲಿ ಚಳಿ ಕೆಲಸ ಮಾಡುತ್ತದೆ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಕರಗುವಷ್ಟು ಬಿಸಿಲು ಬೀಳುವ ಚಳಿಗಾಲದ ಕೊನೆಯ ವಾರಗಳಲ್ಲಿ ಮಾತ್ರ ಮರದೊಳಗೆ ಒತ್ತಡ ಏರಿಳಿದು ರಸ ಹರಿಯುತ್ತದೆ. ಕಾಂಡಕ್ಕೆ ಸಣ್ಣ ರಂಧ್ರ ಕೊರೆದು ಅದನ್ನು ಹಿಡಿದುಕೊಳ್ಳುತ್ತಾರೆ. ಯುರೋಪಿನವರು ಕಾಲಿಡುವುದಕ್ಕೆ ಮೊದಲೇ ಅಲ್ಲಿನ ಮೂಲನಿವಾಸಿಗಳಿಗೆ ಈ ವಿದ್ಯೆ ಗೊತ್ತಿತ್ತು. ಇಂದು ಲೋಕದ ಸಿರಪ್ಪಿನ ಬಹುಪಾಲು ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದಲೇ ಬರುತ್ತದೆ. ಕಬ್ಬಿನ ಹಾಲಿನಲ್ಲಿ ನೂರಕ್ಕೆ 15ರಿಂದ 20 ಪಾಲು ಸಕ್ಕರೆ ಇದ್ದರೆ ಮೇಪಲ್ ರಸದಲ್ಲಿ ಇರುವುದು ಎರಡು ಪಾಲು ಮಾತ್ರ. ಆದ್ದರಿಂದ ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಬೇಕು. ಬಾಟಲಿಯ ಬೆಲೆ ಅಷ್ಟೇಕೆ ಎಂದು ಮೈದುನನನ್ನು ಕೇಳುವ ಅಗತ್ಯವೇ ನನಗೆ ಬೀಳಲಿಲ್ಲ. ಅಷ್ಟು ನೀರನ್ನು ಆರಿಸುವುದಕ್ಕೆ ಎಷ್ಟು ಉರುವಲು, ಎಷ್ಟು ಹೊತ್ತು ಬೇಕೆಂದು ಗಾಣದ ಮನೆಯಲ್ಲಿ ಬೆಳೆದವರಿಗೆ ತಿಳಿಯುತ್ತದೆ.

ಈಗ ಮುಖ್ಯವಾದ ಮಾತು. ಸಿರಪ್ಪನ್ನು ಸುಮಾರು 104 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಒಲೆಯಿಂದ ಇಳಿಸುತ್ತಾರೆ, ಅಚ್ಚು ಬೆಲ್ಲವನ್ನು ಅದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಮೇಲೇರಿಸಿ ಇಳಿಸುತ್ತಾರೆ. ಹಾಗಾಗಿ ಸಿರಪ್ಪಿನಲ್ಲಿ ಮೂರರಲ್ಲೊಂದು ಪಾಲು ನೀರು ಉಳಿಯುತ್ತದೆ, ಬೆಲ್ಲದಲ್ಲಿ ಬಹಳ ಕಡಿಮೆ. ಬೆಲ್ಲದ 100 ಗ್ರಾಮಿಗೆ 350ಕ್ಕೂ ಹೆಚ್ಚು ಕಿಲೊಕ್ಯಾಲೊರಿ, ಸಿರಪ್ಪಿಗೆ 260 ಎನ್ನುವ ವ್ಯತ್ಯಾಸ ಹುಟ್ಟುವುದು ಇಲ್ಲಿಯೇ. "ಬೆಲ್ಲಕ್ಕಿಂತ ಕಡಿಮೆ ಕ್ಯಾಲೊರಿ" ಎಂದು ಸಿರಪ್ಪನ್ನು ಹೊಗಳಿದರೆ ಹೊಗಳಿದ್ದು ನೀರನ್ನು. ಸಿಹಿ ಸಮ ಮಾಡಿಕೊಳ್ಳಲು ಎರಡು ಹನಿ ಹೆಚ್ಚು ಹಾಕಿಕೊಂಡರೆ ಆ ವ್ಯತ್ಯಾಸ ಅಲ್ಲಿಗೇ ಕರಗುತ್ತದೆ.

ಅತ್ತೆ ಇದನ್ನು ಒಪ್ಪಿದರು. ಬೆಲ್ಲ ತಮಗೆ ಬೇಡ ಎಂಬುದು ಅವರಿಗೆ ಮೊದಲೇ ಗೊತ್ತು. ಸಂಕ್ರಾಂತಿಯ ಮಾದಲಿಯನ್ನೂ ಅವರು ಬಾಯಿ ರುಚಿಗೆ ಮಾತ್ರ ತೆಗೆದುಕೊಳ್ಳುತ್ತಾರೆ. ಸಿರಪ್ಪು ಬೆಲ್ಲದ ಕುಲದ್ದೇ ಎಂದು ಮನಸ್ಸಿಗೆ ಬಂದ ಮೇಲೆ ಬಾಟಲಿಯ ವಿಷಯದಲ್ಲಿ ವಾದ ಉಳಿಯಲಿಲ್ಲ. ಡಬ್ಬಿಯದೇ ಕಷ್ಟವಾಯಿತು.

ಡಬ್ಬಿ ಎಂದರೆ ಅವರಿಗೆ ಔಷಧ ಬೆರೆಸಿ ಕೆಡದಂತೆ ಇಟ್ಟದ್ದು. ಅವರೆದುರೇ ಒಂದನ್ನು ತೆರೆದೆ. ಸಿಪ್ಪೆ ಸುಲಿದ ಇಡೀ ಹಣ್ಣುಗಳು ದಟ್ಟ ಕೆಂಪು ರಸದಲ್ಲಿ ಮುಳುಗಿದ್ದವು. ಬೆರಳಿನಿಂದ ಒತ್ತಿದರೆ ಒಡೆಯುವಷ್ಟು ಮೆತ್ತಗೆ, ತೊಟ್ಟಿನ ಕಡೆ ಮಾತ್ರ ಸ್ವಲ್ಪ ಬಿಗಿ. ವಾಸನೆ ಬೆಂದ ಟೊಮೆಟೊದ್ದೇ, ಬೇರೆ ಯಾವುದೂ ಇಲ್ಲ. ಚೀಟಿಯ ಮೇಲೆ ಬರೆದಿದ್ದು ಟೊಮೆಟೊ, ಟೊಮೆಟೊ ರಸ, ಉಪ್ಪು, ಮತ್ತು ಎರಡು ಸಂಖ್ಯೆ: 330, 509. ಈ ಸಂಖ್ಯೆಗಳನ್ನು ನೋಡಿಯೇ ಜನ ಹೆದರುತ್ತಾರೆ. 330 ಎಂದರೆ ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಲ್ಲಿ ಇರುವ ಹುಳಿ. 509 ಎಂದರೆ ಕ್ಯಾಲ್ಸಿಯಂ ಕ್ಲೋರೈಡ್. ಕಾಯಿಸಿದಾಗ ಹಣ್ಣು ಕರಗಿ ಮುದ್ದೆಯಾಗದಂತೆ ಗಟ್ಟಿ ಹಿಡಿಯಲು ಹಾಕುತ್ತಾರೆ. ತಾಜಾ ಟೊಮೆಟೊದಲ್ಲಿ 10 ಮಿಲಿಗ್ರಾಂ ಇರುವ ಕ್ಯಾಲ್ಸಿಯಂ ಡಬ್ಬಿಯದರಲ್ಲಿ 30ಕ್ಕೆ ಏರಲು ಈ 509 ಒಂದು ಕಾರಣ.

ಹುಳಿ ಹಾಕುವುದರ ಹಿಂದೆ ದೊಡ್ಡ ಕಾರಣವಿದೆ. ಗಾಳಿಯಾಡದ ಡಬ್ಬಿಯಲ್ಲಿ ಬೆಳೆದು ಮಾರಕ ವಿಷ ಉಂಟುಮಾಡುವ ಬೊಟುಲಿಸಂ ಎಂಬ ಕಾಯಿಲೆಯ ಸೂಕ್ಷ್ಮಜೀವಿ, ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಬೆಳೆಯಲಾರದು. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಟೊಮೆಟೊ ಈ ಗೆರೆಯ ಹತ್ತಿರವೇ ಓಡಾಡುವ ಹಣ್ಣು. ತಳಿ, ಮಾಗುವಿಕೆಗೆ ತಕ್ಕಂತೆ ಅದರ ಹುಳಿ ಹೆಚ್ಚು ಕಡಿಮೆಯಾಗುತ್ತದೆ. ಅದನ್ನು ಗೆರೆಯ ಕೆಳಗೇ ಖಚಿತವಾಗಿ ನಿಲ್ಲಿಸಲು ಸಿಟ್ರಿಕ್ ಆಮ್ಲ. ಆಮೇಲೆ ಮುಚ್ಚಳ ಬಿಗಿದು ಕಾಯಿಸಿದರೆ ಬೇರೆ ಔಷಧ ಬೇಕಾಗುವುದೇ ಇಲ್ಲ. ಡಬ್ಬಿಯನ್ನು ಕಾಯುವುದು ಶಾಖ, ಹುಳಿ ಮತ್ತು ಗಾಳಿ ಹೋಗದ ಮುಚ್ಚಳ. ಉಬ್ಬಿದ ಅಥವಾ ಸೋರುವ ಡಬ್ಬಿಯನ್ನು ಮಾತ್ರ ರುಚಿ ನೋಡುವುದಕ್ಕೂ ಹೋಗದೆ ಎಸೆಯಬೇಕು. ಇದರಲ್ಲಿ ರಾಜಿ ಇಲ್ಲ.

ಶಾಖದಿಂದ ಸಿ ವಿಟಮಿನ್ ಒಂದಿಷ್ಟು ಹೋಗುತ್ತದೆ. ತಾಜಾ ಹಣ್ಣಿನಲ್ಲಿ 14 ಮಿಲಿಗ್ರಾಂ ಹತ್ತಿರ ಇದ್ದದ್ದು ಡಬ್ಬಿಯಲ್ಲಿ ಕಡಿಮೆಯಾಗುತ್ತದೆ. ಅದೇ ಶಾಖ ಲೈಕೊಪೀನಿಗೆ ಉಪಕಾರ ಮಾಡುತ್ತದೆ. ಬೇಯಿಸಿದಾಗ ಹಣ್ಣಿನ ಜೀವಕೋಶದ ಗೋಡೆ ಒಡೆದು ಲೈಕೊಪೀನ್ ಸಡಿಲವಾಗುತ್ತದೆ, ದೇಹಕ್ಕೆ ಹಿಡಿಯಲು ಸುಲಭವಾದ ರೂಪಕ್ಕೂ ಒಂದಿಷ್ಟು ತಿರುಗುತ್ತದೆ. ಅದು ಕರಗುವುದು ಕೊಬ್ಬಿನಲ್ಲಿ. ಶೇಂಗಾ ಎಣ್ಣೆಯ ಒಗ್ಗರಣೆಗೆ ಟೊಮೆಟೊ ಬಿದ್ದು, ಎಣ್ಣೆ ಬಿಡುವವರೆಗೆ ಬಾಡುತ್ತದಲ್ಲ, ಆಗ ಎಣ್ಣೆಯೇ ಕೆಂಪಗಾಗುವುದನ್ನು ಎಲ್ಲರೂ ನೋಡಿರುತ್ತೀರಿ. ಆ ಕೆಂಪು ಲೈಕೊಪೀನ್. ಸಿ ವಿಟಮಿನ್ ಕಳೆದುಕೊಂಡದ್ದಕ್ಕೆ ಸಾರಿಗೆ ಕೊನೆಯಲ್ಲಿ ಹಿಂಡುವ ನಿಂಬೆಯೋ ಊಟದ ಜೊತೆಗಿನ ಹಸಿ ಸೌತೆ, ಮೂಲಂಗಿಯೋ ಸಾಕು.

ಡಬ್ಬಿಯ ಪರ ಇಷ್ಟು ಹೇಳಿದ ಮೇಲೆ ಅದರ ದೋಷವನ್ನೂ ಹೇಳಲೇಬೇಕು. ಅದು ಉಪ್ಪು. ತಾಜಾ ಟೊಮೆಟೊದಲ್ಲಿ 100 ಗ್ರಾಮಿಗೆ ಸೋಡಿಯಂ ಐದು ಮಿಲಿಗ್ರಾಂ. ಉಪ್ಪು ಹಾಕಿದ ಡಬ್ಬಿಯಲ್ಲಿ ಅದು 100 ದಾಟುತ್ತದೆ, ಕೆಲವು ಡಬ್ಬಿಗಳಲ್ಲಿ ಇನ್ನೂ ಹೆಚ್ಚು. 400 ಗ್ರಾಮಿನ ಒಂದು ಡಬ್ಬಿಯನ್ನು ಸಾರಿಗೆ ಸುರಿದರೆ ನೀವು ಕೈಯಿಂದ ಉಪ್ಪು ಹಾಕುವ ಮೊದಲೇ ಒಂದು ಗ್ರಾಮಿಗಿಂತ ಹೆಚ್ಚು ಉಪ್ಪು ಪಾತ್ರೆಗೆ ಬಿದ್ದಿರುತ್ತದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಕಡೆ ಊಟದಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಹುರಿದ ಉಪ್ಪು ಮೆಣಸಿನಕಾಯಿ ಎಲ್ಲವೂ ಇರುವಾಗ ಈ ಒಂದು ಗ್ರಾಂ ಸಣ್ಣದಲ್ಲ. ಅತ್ತೆಯ ರಕ್ತದೊತ್ತಡದ ದೃಷ್ಟಿಯಿಂದ ಡಬ್ಬಿಯ ಬಗ್ಗೆ ಅವರು ಹುಷಾರಾಗಿದ್ದದ್ದು ಒಳ್ಳೆಯದೇ ಆಯಿತು, ಕಾರಣ ಮಾತ್ರ ಬೇರೆ. ಉಪ್ಪು ಹಾಕದ ಡಬ್ಬಿಯೂ ಸಿಗುತ್ತದೆ, ಅದರಲ್ಲಿ ಸೋಡಿಯಂ ತಾಜಾ ಹಣ್ಣಿನ ಹತ್ತಿರವೇ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದು ವೈದ್ಯರು ಪೊಟ್ಯಾಸಿಯಂ ಮಿತಿ ಹಾಕಿರುವವರಿಗೆ ಲೆಕ್ಕವೇ ಬೇರೆ. ಅವರಿಗೆ ಟೊಮೆಟೊ ತಾಜಾ ಇರಲಿ, ಡಬ್ಬಿಯದಿರಲಿ, ವೈದ್ಯರನ್ನು ಕೇಳಿಯೇ ತಿನ್ನಬೇಕಾದದ್ದು.

ವರ್ಷವಿಡೀ ಸಂತೆಯಲ್ಲಿ ಹಣ್ಣು ಸಿಗುವ ನಮ್ಮ ಊರಿನಲ್ಲಿ ದುಡ್ಡು ಕೊಟ್ಟು ಡಬ್ಬಿ ತರಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ತಾಜಾ ಹಣ್ಣೇ ಅಗ್ಗ, ಉಪ್ಪೂ ಇಲ್ಲ, ಬೆಳೆದವನ ಕೈಗೂ ನಾಲ್ಕು ಕಾಸು. ಆದರೆ 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನೆನಪಿದೆಯಲ್ಲ? ಅಂಥ ದಿನಗಳಲ್ಲಿ, ಅಥವಾ ಮಳೆಗಾಲದಲ್ಲಿ ಕಾಯಿಯಾಗಿದ್ದಾಗಲೇ ಕಿತ್ತ ಬಿಳಿಚಿದ ಹಣ್ಣು ಬರುವಾಗ, ಮಾಗಿದ ಮೇಲೆ ಕಿತ್ತು ತುಂಬಿದ ಡಬ್ಬಿಯನ್ನು ಹಿಡಿಯುವುದರಲ್ಲಿ ತಪ್ಪೇನೂ ಇಲ್ಲ.

ಸಕ್ಕರೆಯ ಲೆಕ್ಕಕ್ಕೆ ಇನ್ನೊಮ್ಮೆ ಬರುತ್ತೇನೆ, ಮನೆಯಲ್ಲಿ ಎಲ್ಲರಿಗೂ ನಾಟಿದ್ದು ಇದೇ. 400 ಗ್ರಾಮಿನ ಇಡೀ ಡಬ್ಬಿಯ ಟೊಮೆಟೊದಲ್ಲಿರುವ ಸಕ್ಕರೆ ಸುಮಾರು 10 ಗ್ರಾಂ, ಅದೂ ನಾರಿನ ಜೊತೆ, ಐದಾರು ಜನರ ಸಾರಿಗೆ ಹಂಚಿಹೋಗುವಂಥದ್ದು. ಒಂದೇ ಒಂದು ದೊಡ್ಡ ಚಮಚ ಸಿರಪ್ಪಿನಲ್ಲಿ 12. ಒಂದು ಚಹಾ ಚಮಚ ಸಿರಪ್ಪಿನ ಕ್ಯಾಲೊರಿ 17, ಅದು 100 ಗ್ರಾಂ ಟೊಮೆಟೊದ ಕ್ಯಾಲೊರಿಗೆ ಸಮ. ಜೇನು, ಸಿರಪ್, ಬೆಲ್ಲ ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಿತಿ ಹಾಕಿದ ಮುಕ್ತ ಸಕ್ಕರೆಯ ಗುಂಪಿಗೆ ಸೇರುತ್ತವೆ. ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ, ಸಾಧ್ಯವಾದರೆ ಐದಕ್ಕಿಂತ ಕಡಿಮೆ ಎಂಬುದು ಆ ಮಿತಿ. ಐದು ಎಂದರೆ ಆರೋಗ್ಯವಂತರಿಗೂ ದಿನಕ್ಕೆ 25 ಗ್ರಾಂ ಆಸುಪಾಸು. ಎರಡು ದೊಡ್ಡ ಚಮಚ ಸಿರಪ್ಪಿಗೆ ಅದು ಮುಗಿದೇ ಹೋಗುತ್ತದೆ, ಆಮೇಲೆ ಚಹಾಕ್ಕೂ ಜಾಗ ಇರುವುದಿಲ್ಲ. ಇಡೀ ಹಣ್ಣು, ತರಕಾರಿಯೊಳಗಿನ ಸಕ್ಕರೆ ಆ ಗುಂಪಿನಲ್ಲಿ ಇಲ್ಲ.

ಸಿರಪ್ಪಿನ ಮ್ಯಾಂಗನೀಸ್, ರೈಬೊಫ್ಲೇವಿನ್ ಕಳೆದುಕೊಳ್ಳುತ್ತೇವಲ್ಲ ಎಂದು ಮೈದುನ ಫೋನಿನಲ್ಲಿ ಕೇಳಿದ. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುವವರಿಗೆ ಮ್ಯಾಂಗನೀಸಿನ ಕೊರತೆ ಬೀಳುವುದಿಲ್ಲ. ರೈಬೊಫ್ಲೇವಿನ್ ಹಾಲು, ಮೊಸರಿನಲ್ಲಿದೆ. ಅದಕ್ಕಾಗಿ ಸಕ್ಕರೆಯ ದಾರಿಯಲ್ಲಿ ಹೋಗುವುದು ಬೇಡ. ಸಿರಪ್ಪನ್ನು ಅದರ ರುಚಿಗಾಗಿ ತಿನ್ನಬೇಕು, ಮತ್ತು ರುಚಿ ನಿಜಕ್ಕೂ ಬಹಳ ಚೆನ್ನಾಗಿದೆ: ಮೊದಲು ಬೆಲ್ಲದ ಸಿಹಿ, ಹಿಂದಿನಿಂದ ಸ್ವಲ್ಪ ಕಟ್ಟಿಗೆಯ ಘಮ. ಮೈದುನ ತಂದದ್ದು ಗಾಢ ಬಣ್ಣದ್ದು. ಋತುವಿನ ಕೊನೆಕೊನೆಗೆ ಇಳಿಸಿದ್ದರಲ್ಲಿ ಬಣ್ಣವೂ ರುಚಿಯೂ ದಟ್ಟ. ಇಲ್ಲಿ ಅಂಗಡಿಯಲ್ಲಿ ಕೊಳ್ಳುವವರು ಚೀಟಿ ಓದಿ ಕೊಳ್ಳಿ. ಪದಾರ್ಥಗಳ ಸಾಲಿನಲ್ಲಿ ಮೇಪಲ್ ಸಿರಪ್ ಎಂಬ ಒಂದೇ ಹೆಸರು ಇರಬೇಕು. ಪ್ಯಾನ್‌ಕೇಕ್ ಸಿರಪ್ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಇರುವುದು ಮೆಕ್ಕೆಜೋಳದ ಪಾಕ ಮತ್ತು ಬೆರೆಸಿದ ವಾಸನೆ.

ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಹೀಗೆ. ಭಾನುವಾರ ದೋಸೆ ಮಾಡಿದಾಗ ಅತ್ತೆಗೆ ಅರ್ಧ ಚಹಾ ಚಮಚ ಸಿರಪ್, ಆ ದಿನ ಬೇರೆ ಸಿಹಿ ಇಲ್ಲ. ಇದನ್ನು ಅವರ ವೈದ್ಯರಿಗೂ ತಿಳಿಸಿದ್ದೇನೆ. ಬಾಟಲಿ ತೆರೆದ ಮೇಲೆ ಫ್ರಿಜ್ಜಿನಲ್ಲಿ ಇಡಬೇಕು, ಹೊರಗಿಟ್ಟರೆ ಬೂಸಲು ಹಿಡಿಯುತ್ತದೆ. ತೆರೆದ ಡಬ್ಬಿಯಲ್ಲಿ ಟೊಮೆಟೊ ಬಿಡಬೇಡಿ. ಹುಳಿಗೆ ಗಾಳಿಯೂ ಸೇರಿದರೆ ತಗಡಿನ ಅಂಶ ಹಣ್ಣಿಗೆ ಇಳಿಯುತ್ತದೆ. ಸ್ಟೀಲ್ ಡಬ್ಬಿಗೋ ಗಾಜಿನ ಭರಣಿಗೋ ಸುರಿದು ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನಗಳಲ್ಲಿ ಖರ್ಚು ಮಾಡಿ. ಸಾರಿಗೆ ಹಾಕುವಾಗ ಉಪ್ಪನ್ನು ಕೊನೆಗೆ, ರುಚಿ ನೋಡಿದ ಮೇಲೆಯೇ ಹಾಕಿ. ಅತ್ತೆ ಈಗ ಅದನ್ನು ತಾವೇ ನಿಂತು ನೋಡುತ್ತಾರೆ, ನನ್ನ ಕೈ ಉಪ್ಪಿನ ಡಬ್ಬಿಗೆ ಹೋದರೆ "ಮೊದಲು ರುಚಿ ನೋಡು" ಎನ್ನುತ್ತಾರೆ.